ನಾಳೆಯೂ ಇದೇ ರಂಗದ ಮೇಲೆ

ಕಂಪ್ಲಿ, 14 ಜುಲೈ 2024

ತಾಯಿ ಸುಷ್ಮಿತಾ ಅವರಿಗೆ,

ಮೊದಲು ಪಾತ್ರ ಪರಿಚಯ. ಈ ಕಾಗದ ಬರೆಯುತ್ತಿರುವವನು ಗಾದಿಲಿಂಗಪ್ಪ. ಕಂಪ್ಲಿಯ ಕೋಟೆ ಓಣಿಯಲ್ಲಿ ಮನೆ, ಕಸುಬು ನಾಟಕದ ಮಾಸ್ತರಿಕೆ. ಎಮ್ಮಿಗನೂರಿನಿಂದ ಹಿಡಿದು ಹೊಳೆಯಾಚೆಯ ಹಳ್ಳಿಗಳ ತನಕ ಯಾವ ಊರಿನ ಹುಡುಗರು ಬಣ್ಣ ಹಚ್ಚಿದರೂ ಅವರ ಮಾತಿನ ಬೆನ್ನಿಗೆ ನನ್ನ ಹಾರ್ಮೋನಿಯಂ ಇರುತ್ತದೆ. ಮೀಸೆ ಮೂಡುವ ಮೊದಲೇ ನಾಟಕ ಕಂಪನಿ ಸೇರಿದವನು ನಾನು. ಅಲ್ಲಿ ನನಗೆ ಸಿಕ್ಕ ಮೊದಲ ಕೆಲಸ, ಆಟ ಮುಗಿಯುವ ಹೊತ್ತಿಗೆ ಪರದೆಯ ಮುಂದೆ ನಿಂತು ನಾಳಿನ ನಾಟಕ ಯಾವುದೆಂದು ಸಾರುವುದು. ಆಮೇಲೆ ಮೈ ಬೆಳೆಯಿತು, ದನಿ ಅದಕ್ಕಿಂತ ಹೆಚ್ಚು ಬೆಳೆಯಿತು, ಖಳನಾಯಕನ ಪಾತ್ರಗಳೆಲ್ಲ ನನ್ನ ಪಾಲಿಗೆ ಬಂದವು. ಮೈಕು ಕೈಕೊಟ್ಟರೆ ನಮ್ಮ ಮ್ಯಾನೇಜರರು ಬೆವರುತ್ತಿರಲಿಲ್ಲ, ಗಾದಿಲಿಂಗಪ್ಪ ಇದ್ದಾನಲ್ಲ ಎಂದು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು.

ನಿಮ್ಮ ಟಿ.ಬಿ. ವಾಸಿಯಾಗಿ ನೀವು ಆಸ್ಪತ್ರೆಯಿಂದ ಹೊರಬರುವವರೆಗೆ ನಿಮ್ಮ ಮಗಳು ಗಂಗೋತ್ರಿಯನ್ನು ನನಗೂ ನನ್ನ ಹೆಂಡತಿ ವಿರುಪಮ್ಮನಿಗೂ ಪೋಷಕತ್ವದ ಯೋಜನೆಯಡಿ ಒಪ್ಪಿಸಿದ್ದಾರೆ. ಫೋನಿನಲ್ಲಿ ನಿಮ್ಮ ಮುಖ ತೋರಿಸಿದ ದಿನ ಕೂಸು ಫೋನನ್ನು ತಿರುವಿ ಹಾಕಿ ಅದರ ಹಿಂದೆ ನಿಮ್ಮನ್ನು ಹುಡುಕಿದಳು. ಅದನ್ನು ನೋಡಿದ ಹೊಸಪೇಟೆಯ ಮಕ್ಕಳ ಇಲಾಖೆಯ ಅಧಿಕಾರಿ ಶೈಲಶ್ರೀ ಮೇಡಂ, ಸದ್ಯಕ್ಕೆ ಫೋನು ಬೇಡ, ಕಾಗದ ಬರೆದುಕೊಳ್ಳಿ ಎಂದರು. ಬೇರೆಯವರಿಗೆ ಇದು ಶಿಕ್ಷೆ, ನನಗೆ ಬಹುಮಾನ.

ನೀವು ಕೇಳಬಹುದಾದ ಮೊದಲ ಪ್ರಶ್ನೆಗೆ ನಾನೇ ಉತ್ತರ ಕೊಡುತ್ತೇನೆ. ಮಗು ನಿದ್ದೆ ಮಾಡುತ್ತಾಳೋ? ಅಮ್ಮಾ, ರಾಣಿಯ ಹಾಗೆ ಮಾಡುತ್ತಾಳೆ. ಊಟವಾದ ಮೇಲೆ ವಿರುಪಮ್ಮ ಚಾದರ ಹೊದಿಸುತ್ತಾಳೆ, ನಾನು ಮೆಲ್ಲಗೆ ದೀಪ ಸಣ್ಣಗೆ ಮಾಡುತ್ತೇನೆ, ಆ ರೆಪ್ಪೆಗಳು ರೇಷ್ಮೆಯ ಪರದೆಯಂತೆ ಇಳಿಯುತ್ತವೆ. ಬೆಳಗಾಗುವವರೆಗೆ ಮಿಸುಕಾಟವಿಲ್ಲ. ನೀವು ನಿಶ್ಚಿಂತೆಯಿಂದ ಮಾತ್ರೆ ನುಂಗಿ, ಮೈ ಬಲಿಸಿಕೊಳ್ಳಿ.

ಇತಿ ನಿಮ್ಮ
ಗಾದಿಲಿಂಗಪ್ಪ ಮಾಸ್ತರ


ಸಂಡೂರು, 23 ಜುಲೈ 2024

ಮಾಸ್ತರ್ ಅವರಿಗೆ ನಮಸ್ಕಾರ.

ನಿಮ್ಮ ಕಾಗದ ಸಿಕ್ಕಿತು. ನಮ್ಮ ವಾರ್ಡಿನಲ್ಲಿ ಎಲ್ಲರೂ ಓದಿಸಿಕೊಂಡು ಕೇಳಿದರು. ಗಂಗಿ ಚೆನ್ನಾಗಿ ಮಲಗುತ್ತಾಳೆ ಅಂತ ತಿಳಿದು ಸಮಾಧಾನವಾಯಿತು.

ಯಾವ ಮಗ್ಗುಲಿಗೆ ಮಲಗುತ್ತಾಳೆ? ಮಲಗುವಾಗ ಏನಾದರೂ ಬೇಕು ಅಂತ ಕೇಳುತ್ತಾಳಾ? ನನ್ನ ಹೆಸರು ಎತ್ತುತ್ತಾಳಾ?

ನಾನು ಆರಾಮ ಇದ್ದೇನೆ. ಊಟ ಸೇರುತ್ತದೆ. ವಿರುಪಮ್ಮ ಅವರಿಗೆ ನನ್ನ ನಮಸ್ಕಾರ ಹೇಳಿ.

ಸುಷ್ಮಿತಾ


ಕಂಪ್ಲಿ, 2 ಆಗಸ್ಟ್ 2024

ತಾಯಿ ಸುಷ್ಮಿತಾ ಅವರಿಗೆ,

ಯಾವ ಮಗ್ಗುಲು ಎಂದು ಕೇಳಿದ್ದೀರಿ. ಎರಡೂ ಮಗ್ಗುಲು. ಒಮ್ಮೆ ಗೋಡೆಯ ಕಡೆ, ಒಮ್ಮೆ ಬಾಗಿಲ ಕಡೆ. ನಿದ್ದೆಯೇ ಅವಳನ್ನು ಹಾಗೆ ಹೊರಳಿಸುತ್ತದೆ. ಏನು ಬೇಕು ಎಂದು ಕೇಳುವ ಸಂದರ್ಭವೇ ಬರುವುದಿಲ್ಲ, ಅಷ್ಟರಲ್ಲಿ ನಿದ್ರಾದೇವಿ ಬಂದು ಅಪ್ಪಿಕೊಂಡಿರುತ್ತಾಳೆ. ಬಂದಾಗಿನಿಂದ ಒಂದು ಸಲವೂ ಅತ್ತಿಲ್ಲ ನಿಮ್ಮ ಮಗಳು. ಇಂಥ ಗಟ್ಟಿ ಕೂಸನ್ನು ನಾನು ಯಾವ ಊರಿನಲ್ಲೂ ನೋಡಿಲ್ಲ. ಅಂಗನವಾಡಿಯ ಟೀಚರು ಸಹ ಹೊಗಳುತ್ತಾರೆ. ಮಧ್ಯಾಹ್ನ ಹಾಡು ಹೇಳಿಸುವಾಗಲೇ ಗೋಡೆಗೆ ಒರಗಿ ಸೊಗಸಾಗಿ ನಿದ್ದೆ ಹೋಗುತ್ತಾಳಂತೆ.

ಅನ್ನ, ಸಾರು, ಮೊಸರು ಎಲ್ಲವೂ ಸೇರುತ್ತದೆ. ವಿರುಪಮ್ಮ ಅವಳಿಗೆ ಹಸಿರು ಲಂಗ ಹೊಲಿಸಿದ್ದಾಳೆ. ಅದನ್ನು ಉಟ್ಟು ಓಣಿಯಲ್ಲಿ ನಡೆದರೆ ಕೋಟೆ ಬಾಗಿಲೇ ಸರಿದು ದಾರಿ ಬಿಡಬೇಕು, ಆ ಠೀವಿ.

ನೀವು ಯಾವುದಕ್ಕೂ ಕಳವಳ ಪಡಬೇಡಿ. ಇಲ್ಲಿ ಎಲ್ಲವೂ ಸುಸೂತ್ರ.

ಗಾದಿಲಿಂಗಪ್ಪ ಮಾಸ್ತರ


ಸಂಡೂರು, 29 ಆಗಸ್ಟ್ 2024

ಮಾಸ್ತರ್ ಅವರಿಗೆ,

ಬರೆಯುವುದು ತಡವಾಯಿತು.

ನಿಮ್ಮ ಕಾಗದವನ್ನು ಮತ್ತೆ ಮತ್ತೆ ಓದಿದೆ. ಒಂದು ಸಲವೂ ಅತ್ತಿಲ್ಲ ಅಂದಿದ್ದೀರಿ. ಏನೂ ಕೇಳುವುದಿಲ್ಲ ಅಂದಿದ್ದೀರಿ. ನನ್ನ ಹೆಸರು ಎತ್ತುತ್ತಾಳಾ ಅಂತ ಕೇಳಿದ್ದಕ್ಕೆ ನೀವು ಏನೂ ಬರೆದಿಲ್ಲ. ನನಗೆ ತಿಳಿಯಿತು.

ಯಶವಂತನಗರದ ಕೋಣೆಯಲ್ಲಿ ಗಣಿಯ ಕೆಂಪು ಧೂಳು ಬಿಟ್ಟರೆ ಅವಳಿಗೆ ನಾನು ಕೊಟ್ಟಿದ್ದು ಏನಿದೆ? ಅಲ್ಲಿ ಹಸಿರು ಲಂಗ, ಮೊಸರನ್ನ, ನಿದ್ದೆ. ಡಿಸೆಂಬರಿನಲ್ಲಿ ಮಕ್ಕಳ ಕಲ್ಯಾಣ ಸಮಿತಿಯವರು ಕೂತು ಅವಳು ಎಲ್ಲಿರಬೇಕು ಅಂತ ನೋಡುತ್ತಾರಂತೆ. ಅವಳು ನಿಮ್ಮ ಹತ್ತಿರವೇ ಇರಲಿ ಅಂತ ನಾನು ಒಪ್ಪಿಗೆ ಕೊಡುತ್ತೇನೆ. ಶೈಲಶ್ರೀ ಮೇಡಂಗೆ ಈ ವಾರ ಹೇಳುತ್ತೇನೆ. ನಿಮಗೂ ಅವಳ ಮೇಲೆ ಜೀವ ಇದೆ ಅಂತ ಕಾಗದದಲ್ಲೇ ಕಾಣಿಸುತ್ತದೆ.

ಇನ್ನು ನನಗೆ ಬರೆಯದಿದ್ದರೂ ನಡೆಯುತ್ತದೆ.

ಸುಷ್ಮಿತಾ


ಕಂಪ್ಲಿ, 3 ಸೆಪ್ಟೆಂಬರ್ 2024

ಮಗಳೇ ಸುಷ್ಮಿತಾ,

ನಿಲ್ಲು. ಮೇಡಂಗೆ ಏನೂ ಹೇಳಬೇಡ. ಈ ಕಾಗದ ಓದಿ ಮುಗಿಸುವ ತನಕ ಮಂಚದಿಂದ ಇಳಿಯಬೇಡ.

ನಿನ್ನ ಕಾಗದವನ್ನು ವಿರುಪಮ್ಮನಿಗೆ ಓದಿ ಹೇಳಿದೆ. ಕೂಸು ನಮ್ಮ ಹತ್ತಿರವೇ ಉಳಿಯುತ್ತದೆ ಎಂಬ ಸಾಲು ಬಂದಾಗ, ಸುಳ್ಳು ಯಾಕೆ, ನನ್ನ ಎದೆ ಒಂದು ಗಳಿಗೆ ನಗಾರಿಯ ಹಾಗೆ ಬಡಿದುಕೊಂಡಿತು. ವಿರುಪಮ್ಮ ಸೊಪ್ಪು ಸೋಸುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ಜೀವಮಾನಪೂರ್ತಿ ರಂಗದ ಮ್ಯಾಲ ಖಳನಾಯಕ ಆಗೀರಿ, ಚಪ್ಪಾಳಿ ಹೊಡಿಸ್ಕೊಂಡೀರಿ. ಮನ್ಯಾಗ ಆಗಬ್ಯಾಡ್ರಿ. ಆಕಿಗೆ ಖರೇ ಏನೈತಿ ಬರೀರಿ."

ಖರೇ ಇದು. ನಿನ್ನ ಮಗಳು ನಿದ್ದೆ ಮಾಡುವುದಿಲ್ಲ.

ಚಾದರ ಹೊದಿಸಿದರೆ ಎದ್ದು ಕೂರುತ್ತಾಳೆ. ಬಂದ ದಿನ ತಂದಿದ್ದ ಬಟ್ಟೆಯ ಚೀಲ ತೊಡೆಯ ಮೇಲೆ, ಕಾಲಲ್ಲಿ ಚಪ್ಪಲಿ, ಬೆನ್ನು ಬಾಗಿಲಿಗೆ. ಚಪ್ಪಲಿ ಬಿಚ್ಚಲು ಹೋದರೆ ವಿರುಪಮ್ಮನ ಕೈ ಕಚ್ಚುತ್ತಾಳೆ. ತೂಕಡಿಕೆ ಬಂದರೆ ತನ್ನ ಕೆನ್ನೆಯನ್ನು ತಾನೇ ಚಿವುಟಿಕೊಳ್ಳುತ್ತಾಳೆ. ಅಳುವುದಿಲ್ಲ ಎಂದು ಬರೆದಿದ್ದೆ, ಅದೊಂದು ನಿಜ. ನಾಟಕದಲ್ಲಿ ಎಷ್ಟೋ ಅಳುವ ಮಕ್ಕಳನ್ನು ನೋಡಿದ್ದೇನೆ ಮಗಳೇ, ಅಳದ ಈ ಕೂಸನ್ನು ನೋಡಲಾಗುವುದಿಲ್ಲ. ಕಡೆಗೆ ಮೈ ಸೋತು ವಾಲುತ್ತಾಳೆ, ತುಸು ಹೊತ್ತಿಗೆ ಬೆಚ್ಚಿ ಎದ್ದು ಗೋಡೆ ಮುಟ್ಟಿ ನೋಡುತ್ತಾಳೆ. ಅಂಗನವಾಡಿಯಲ್ಲಿ ಮಲಗುವುದು ಸೊಗಸಿನಿಂದಲ್ಲ, ಸುಸ್ತಿನಿಂದ. ಮೊನ್ನೆ ಅನ್ನದ ತಟ್ಟೆಗೇ ಮುಖ ಇಟ್ಟಳು.

ಮಕ್ಕಳ ಡಾಕ್ಟರು ಪರೀಕ್ಷೆ ಮಾಡಿ ಕಿವಿ, ಹೊಟ್ಟೆ, ಎದೆ ಎಲ್ಲ ಸರಿಯಾಗಿದೆ ಎಂದರು. ದಿನಾ ಒಂದೇ ಹೊತ್ತಿಗೆ ಮಲಗಿಸಿ, ದೀಪ ಮಂಕಾಗಿರಲಿ, ಗದ್ದಲ ಬೇಡ ಎಂದರು. ಗದ್ದಲ ಬೇಡ ಎಂಬ ಮಾತನ್ನು ನಾನು ರಾಜಾಜ್ಞೆ ಮಾಡಿಕೊಂಡೆ. ಹಾರ್ಮೋನಿಯಂಗೆ ಬಟ್ಟೆ ಕಟ್ಟಿದೆ. ಪಕ್ಕದ ಮನೆಯ ಮಿಕ್ಸಿ ನಿಲ್ಲಿಸಿದೆ. ಕಡೆಯ ಸಾಲಿನ ಪ್ರೇಕ್ಷಕನ ಎದೆ ನಡುಗಿಸುತ್ತಿದ್ದ ಈ ಗಂಟಲು ಈಗ ಮನೆಯಲ್ಲಿ ಪಿಸುಗುಡುತ್ತದೆ. ನಾವು ಪಿಸುಗುಟ್ಟಿದಷ್ಟೂ ಅವಳ ಕಣ್ಣು ದೊಡ್ಡವಾಗುತ್ತವೆ.

ನಿನ್ನ ಹೆಸರು ಎತ್ತುತ್ತಾಳಾ ಎಂದು ಕೇಳಿದ್ದೆ. ಎತ್ತುವುದಿಲ್ಲ. ಆದರೆ ಯಾವ ಲಾರಿ ಹೋದರೂ ಹೊರಗೆ ಓಡಿ ಅದರ ಮೈಗೆ ಗಣಿಯ ಕೆಂಪು ಧೂಳು ಮೆತ್ತಿದೆಯೇ ಎಂದು ನೋಡಿ ಬರುತ್ತಾಳೆ.

ನಾನು ಮಲಗಿಸಲಾರದ ಕೂಸನ್ನು ಮಲಗಿಸಿದೆ ಎಂದು ಕೊಚ್ಚಿಕೊಂಡು ಗೆದ್ದುಕೊಂಡರೆ ಅದು ನನ್ನ ದೊಡ್ಡ ದನಿಗೇ ಅವಮಾನ. ಅವಳು ನಿನ್ನವಳು. ಈಗ ನೀನೇ ಹೇಳು, ಅಲ್ಲಿ ಅವಳು ಹೇಗೆ ಮಲಗುತ್ತಿದ್ದಳು?

ಗಾದಿಲಿಂಗಪ್ಪ


ಸಂಡೂರು, 9 ಸೆಪ್ಟೆಂಬರ್ 2024

ಮಾಸ್ತರ್ರಿಗೆ,

ಮಗಳಿಗೆ ನಿದ್ದೆಯಿಲ್ಲ ಅಂತ ಓದಿ ಯಾವ ತಾಯಿ ನಗುತ್ತಾಳೆ ಹೇಳಿ. ನಾನು ನಕ್ಕೆ. ಗಟ್ಟಿಯಾಗಿ ನಕ್ಕು ಕೆಮ್ಮು ಬಂದು, ನರ್ಸಮ್ಮ ಓಡಿ ಬಂದು ಬೈದರು. ಆಮೇಲೆ ಅತ್ತೆ. ಅದಕ್ಕೂ ಬೈದರು.

ನಿಮ್ಮ ಮೊದಲಿನ ಕಾಗದಗಳನ್ನು ಈಗ ಮತ್ತೆ ಓದಿದರೆ ನನ್ನ ತಲೆಗೆ ಏನಾಗಿತ್ತು ಅನಿಸುತ್ತದೆ. ರೇಷ್ಮೆಯ ಪರದೆಯಂತೆ ರೆಪ್ಪೆ, ನಿದ್ರಾದೇವಿ. ನಮ್ಮ ಗಂಗಿ ಎಂದಾದರೂ ಹಾಗೆ ಮಲಗಿದವಳೇ? ಬಣ್ಣ ಬಳಿದ ಮಾತು ಅಂತ ನನಗೆ ಹೊಳೆಯಬೇಕಿತ್ತು. ನೀವು ಇನ್ನು ಮುಂದೆ ನನಗೆ ಬರೆಯುವಾಗ ದಯವಿಟ್ಟು ಬಣ್ಣ ತೊಳೆದುಕೊಂಡು ಕೂತು ಬರೆಯಿರಿ.

ನಾನೂ ಒಂದು ಮಾತು ಮುಚ್ಚಿಟ್ಟಿದ್ದೆ. ಆರಾಮ ಇರಲಿಲ್ಲ. ಮಾತ್ರೆ ನುಂಗಿದರೆ ವಾಂತಿ. ಅವಳಿಗೆ ನಾನು ಬೇಡವಾಗಿದ್ದರೆ ಇದೆಲ್ಲ ಯಾರಿಗೆ ಅಂತ ಮಾತ್ರೆಗಳನ್ನು ದಿಂಬಿನ ಕೆಳಗೆ ಸೇರಿಸುತ್ತಿದ್ದೆ. ನಿಮ್ಮ ಕಾಗದ ಓದಿದ ದಿನ ನರ್ಸಮ್ಮನಿಗೆ ತೋರಿಸಿದೆ. ಈಗ ಅವರ ಕಣ್ಣೆದುರಿಗೇ ನುಂಗುತ್ತೇನೆ.

ಗಂಗಿ ಹೇಗೆ ಮಲಗುತ್ತಿದ್ದಳು ಅಂತ ಕೇಳಿದಿರಿ. ಯಶವಂತನಗರದಲ್ಲಿ ಭರಮಮ್ಮನ ಖಾನಾವಳಿಯಲ್ಲಿ ನಾನು ರೊಟ್ಟಿ ಬಡಿಯುತ್ತಿದ್ದೆ. ಸಂಜೆಯಾದರೆ ಲಾರಿ ಡ್ರೈವರುಗಳು ತುಂಬಿಬಿಡುತ್ತಾರೆ. ಗಂಗಿ ನನ್ನ ಬೆನ್ನ ಹಿಂದೆ ಜೋಳದ ಹಿಟ್ಟಿನ ಚೀಲದ ಮೇಲೆ ಮಲಗುತ್ತಿದ್ದಳು. ಆ ಪಟಪಟ ಸದ್ದಿಗೇ ಅವಳಿಗೆ ನಿದ್ದೆ. ನಾನು ಕೈ ನಿಲ್ಲಿಸಿ ನೀರು ಕುಡಿದರೆ ಎಚ್ಚರಾಗುತ್ತಿದ್ದಳು. ನಿಮ್ಮದು ಭತ್ತದ ಸೀಮೆ. ನಿಮ್ಮ ಮನೆಯಲ್ಲಿ ಆ ಸದ್ದು ಇರುವುದಿಲ್ಲ ಅಲ್ಲವೇ? ರೊಟ್ಟಿ ಬಡಿದು ನೋಡಿ.

ಸುಷ್ಮಿತಾ


ಕಂಪ್ಲಿ, 20 ಸೆಪ್ಟೆಂಬರ್ 2024

ಮಗಳೇ ಸುಷ್ಮಿತಾ,

ಬಣ್ಣ ತೊಳೆದುಕೊಂಡು ಕೂತಿದ್ದೇನೆ.

ನೀನು ಹೇಳಿದ್ದು ಸರಿ, ವಿರುಪಮ್ಮ ಅನ್ನದವಳು. ರೊಟ್ಟಿ ಬೇಕೆಂದರೆ ಖಾನಾವಳಿಯಿಂದ ತರಿಸುತ್ತಿದ್ದೆವು. ನಾನೇ ಪಂಚೆ ಎತ್ತಿಕಟ್ಟಿ ಕೂತೆ. ಗದೆ ತಿರುಗಿಸಿದ ಕೈಗಳಿವು, ಒಂದು ಹಿಡಿ ಹಿಟ್ಟಿಗೆ ಸೋಲುತ್ತವೆಯೇ ಎಂದುಕೊಂಡೆ. ಸೋತವು. ಮೊದಲ ರೊಟ್ಟಿ ನಾಲ್ಕು ಊರಾಗಿ ಒಡೆಯಿತು. ವಿರುಪಮ್ಮ ಬಗ್ಗಿ ನೋಡಿ, ಇದು ಹೊಸಪೇಟೆ, ಇದು ಕಂಪ್ಲಿ, ನಡುವಿನ ತೂತು ಹೊಳಿ ಏನ್ರಿ ಎಂದು ಕೇಳಿದಳು. ಎಮ್ಮಿಗನೂರಿನ ಮಲ್ಲೇಶ್ ಎಂಬ ಹುಡುಗ ನಮ್ಮ ನಾಟಕದಲ್ಲಿ ಸ್ತ್ರೀಪಾತ್ರ ಮಾಡುತ್ತಾನೆ, ಅವನು ಮನೆಯಲ್ಲಿ ತಾಯಿಗೆ ರೊಟ್ಟಿ ಬಡಿದುಕೊಟ್ಟು ಪಳಗಿದವನು. ಅವನೇ ನನಗೆ ಗುರುವಾದ. ಶಿಷ್ಯ ಗುರುವಿಗೆ ಬೈಯುವ ಸುಖವನ್ನು ಚೆನ್ನಾಗಿ ಅನುಭವಿಸಿದ.

ಕೈ ಕುದುರಿತು. ಸದ್ದು ಬಂತು. ಮುಂದೇನಾಯಿತು ಎಂಬುದನ್ನು ಬರೆಯಲು ನನಗೆ ಮನಸ್ಸಿಲ್ಲ, ಆದರೂ ಬರೆಯುತ್ತೇನೆ. ಒಳಗೆ ಚೀಲ ಹಿಡಿದು ಕೂತಿದ್ದ ಕೂಸು ಸದ್ದು ಕೇಳಿ ದಡದಡ ಓಡಿ ಬಂತು. ಮುಖ ದೀಪಾವಳಿ. ನನ್ನನ್ನು ನೋಡಿತು. ಒಲೆಯ ಹಿಂದೆ ನೋಡಿತು. ಹಿಟ್ಟಿನ ಡಬ್ಬಿ ಸರಿಸಿ ನೋಡಿತು. ಆಮೇಲೆ, ಬಂದಾಗಿನಿಂದ ಮೊದಲ ಸಲ, ಅತ್ತಳು.

ವಿರುಪಮ್ಮ ಎತ್ತಿಕೊಂಡಳು. ಆ ಹೊತ್ತು ಕಚ್ಚಲಿಲ್ಲ. ಅತ್ತೂ ಅತ್ತೂ ಹೆಗಲ ಮೇಲೆ ಮಲಗಿದಳು. ಹಾಸಿಗೆಗೆ ಇಳಿಸಲು ಹೋದ ಕ್ಷಣವೇ ಎದ್ದು ಚಪ್ಪಲಿ ಮುಟ್ಟಿ ನೋಡಿಕೊಂಡಳು.

ನಾನು ತಿಳಿದುಕೊಂಡಿದ್ದು ಇಷ್ಟು. ಅವಳಿಗೆ ಬೇಕಿದ್ದದ್ದು ಸದ್ದಲ್ಲ. ಸದ್ದು ಇರುವ ತನಕ ಅವ್ವ ಎಲ್ಲಿದ್ದಾಳೆ ಎಂದು ಗೊತ್ತಿರುತ್ತಿತ್ತಲ್ಲ, ಅದು. ಆದರೆ ಒಂದು ನನಗೆ ಬಿಡಿಸಲಾಗುತ್ತಿಲ್ಲ. ಚಪ್ಪಲಿ ಯಾಕೆ? ಆ ಚಪ್ಪಲಿಯ ಕಥೆ ನಿನಗೆ ಗೊತ್ತೇ?

ಗಾದಿಲಿಂಗಪ್ಪ


ಸಂಡೂರು, 26 ಸೆಪ್ಟೆಂಬರ್ 2024

ಮಾಸ್ತರ್ರಿಗೆ,

ನಾನು ನೋಡಿಲ್ಲ. ನಿಮ್ಮ ಕಾಗದ ಬಂದ ಮೇಲೆ ಭರಮಮ್ಮನನ್ನು ಕರೆಸಿ ಕೇಳಿದೆ.

ನಾನು ಒಲೆ ಮುಂದೆ ರಕ್ತ ಕಾರಿ ಬಿದ್ದ ದಿನ ಗಂಗಿ ಚೀಲದ ಮೇಲೆ ಮಲಗಿದ್ದಳು. ನನ್ನನ್ನು ಆಸ್ಪತ್ರೆಗೆ ಸಾಗಿಸಿದರು. ಕೂಸು ಎಚ್ಚರಾದರೆ ಹೆದರುತ್ತದೆ, ಅಳುತ್ತದೆ ಅಂತ ಎಲ್ಲರೂ ಪಿಸುಮಾತಿನಲ್ಲಿ ಮಾತಾಡಿಕೊಂಡು, ನಿದ್ದೆಯಲ್ಲೇ ಹೆಗಲಿಗೆ ಹಾಕಿಕೊಂಡು ಹೊಸಪೇಟೆಯ ಬಾಲಮಂದಿರಕ್ಕೆ ಬಿಟ್ಟು ಬಂದರಂತೆ. ಒಳ್ಳೆಯದಕ್ಕೇ ಮಾಡಿದ್ದು. ಚಪ್ಪಲಿ ಖಾನಾವಳಿಯಲ್ಲೇ ಉಳಿದವು. ಎದ್ದಾಗ ಊರು ಬೇರೆ, ಮಂದಿ ಬೇರೆ, ಬರಿಗಾಲು. ಬಾಗಿಲಿಗೆ ಹೋಗಿ ನಿಂತಳಂತೆ, ಬರಿಗಾಲಲ್ಲಿ ಹೊರಗೆ ಹೋಗಬಾರದು ಅಂತ ಯಾರೋ ಒಳಗೆ ಕರೆದರಂತೆ. ಈಗ ಅವಳ ಕಾಲಲ್ಲಿ ಇರುವುದು ಅಲ್ಲಿನವರು ಕೊಡಿಸಿದ ಚಪ್ಪಲಿ.

ಮಾಸ್ತರ್ರೇ, ಅವಳು ಮಲಗಲು ಹೆದರುತ್ತಿಲ್ಲ. ಮಲಗಿದರೆ ಎಲ್ಲಿ ಏಳುತ್ತೇನೋ ಅಂತ ಹೆದರುತ್ತಾಳೆ.

ಸುಷ್ಮಿತಾ


ಕಂಪ್ಲಿ, 18 ಅಕ್ಟೋಬರ್ 2024

ಮಗಳೇ ಸುಷ್ಮಿತಾ,

ನಿನ್ನ ಕಾಗದದ ಕಡೆಯ ಸಾಲನ್ನು ಓದಿದಾಗ ನಾನು ಎದ್ದು ನಿಂತೆ. ಕನ್ನಡಿಯ ಮುಂದೆ ನಿಂತು ನನಗೆ ನಾನೇ ಛೀಮಾರಿ ಹಾಕಿಕೊಂಡೆ. ಎಂಥ ಮೂರ್ಖತನ. ಪಿಸುಮಾತು ಕೇಳಿದಾಗಲೆಲ್ಲ ಅವಳು ಊರು ಬಿಡುವ ಹೊತ್ತು ಬಂತೆಂದು ತಿಳಿಯುತ್ತಿದ್ದಳು, ನಾವು ಮನೆ ತುಂಬ ಪಿಸುಗುಟ್ಟುತ್ತಿದ್ದೆವು.

ಆಗ ನನಗೆ ನನ್ನ ಮೊದಲ ಕೆಲಸ ನೆನಪಾಯಿತು. ಕಂಪನಿಯಲ್ಲಿ ಆಟ ಮುಗಿಯುವಾಗ ಜನ ಏಳುವ ಮೊದಲು ಪರದೆಯ ಮುಂದೆ ಬಂದು ಸಾರುತ್ತಿದ್ದೆ, ನಾಳೆ ಇದೇ ರಂಗದ ಮೇಲೆ ಇಂಥ ನಾಟಕ ಎಂದು. ಆ ಮಾತು ಕೇಳಿದ ಮೇಲೆ ಪ್ರೇಕ್ಷಕ ನೆಮ್ಮದಿಯಿಂದ ಮನೆಗೆ ಹೋಗುತ್ತಿದ್ದ. ನಾಳೆಯೂ ಡೇರೆ ಇಲ್ಲೇ ಇರುತ್ತದೆ ಎಂದು ಅವನಿಗೆ ಗೊತ್ತಾಗುತ್ತಿತ್ತು. ಕಂಪನಿಯಲ್ಲಿ ಒಂದು ಕಟ್ಟಳೆಯಿತ್ತು. ನಾಯಕನಿಗೆ ಜ್ವರ ಬರಲಿ, ಮಳೆ ಹೊಯ್ಯಲಿ, ಸಾರಿದ ನಾಟಕ ನಿಲ್ಲುವಂತಿಲ್ಲ.

ಅಂದೇ ಊಟವಾದ ಮೇಲೆ ವಿರುಪಮ್ಮನ ಸೀರೆಯನ್ನು ಬಾಗಿಲಿಗೆ ಪರದೆ ಕಟ್ಟಿದೆ. ಹಾರ್ಮೋನಿಯಂನ ಬಟ್ಟೆ ಕಿತ್ತು ಒಂದು ಸ್ವರ ಹಿಡಿದೆ. ಪರದೆ ಸರಿಸಿ ಹೊರಬಂದು, ಪಿಸುದನಿಯಲ್ಲಲ್ಲ, ಸಾಕ್ಷಾತ್ ಗಾದಿಲಿಂಗಪ್ಪನ ದನಿಯಲ್ಲಿ ಸಾರಿದೆ: "ಮಹಾಪ್ರೇಕ್ಷಕಿ ಗಂಗೋತ್ರಿಯವರೇ, ನಾಳೆ ಬೆಳಿಗ್ಗೆ ಇದೇ ಕಂಪ್ಲಿಯಲ್ಲಿ, ಇದೇ ಮನೆಯಲ್ಲಿ, ಇದೇ ಹಾಸಿಗೆಯ ಮೇಲೆ ತಾವು ಕಣ್ಣು ಬಿಡುವಿರಿ. ವಿರುಪಮ್ಮನವರು ತಲೆ ಬಾಚುವ ದೃಶ್ಯ. ತದನಂತರ ಉಪ್ಪಿಟ್ಟು. ತಾತನವರು ಅಂಗನವಾಡಿಗೆ ಬಿಡುವ ದೃಶ್ಯ, ತಾತನವರೇ ಕರೆತರುವ ದೃಶ್ಯ. ತಪ್ಪದೇ ಬನ್ನಿ."

ಓಣಿಯ ನಾಯಿಗಳು ಬೊಗಳಿದವು. ಪಕ್ಕದ ಮನೆಯವರು ಮಿಕ್ಸಿ ಹಚ್ಚಬಹುದೇ ಎಂದು ಕೇಳಿದರು. ನಿನ್ನ ಮಗಳು ಬಾಯಿ ತೆರೆದು ನೋಡುತ್ತಿದ್ದಳು. ಮಲಗಲಿಲ್ಲ. ಮರುದಿನ ಉಪ್ಪಿಟ್ಟು ತಟ್ಟೆಗೆ ಬಿದ್ದಾಗ ಮಾತ್ರ ಅದನ್ನು ಬಹಳ ಹೊತ್ತು ಪರೀಕ್ಷೆ ಮಾಡಿದಳು.

ದಿನಾ ಸಾರಿದೆ, ದಿನಾ ಸಾರಿದ್ದನ್ನು ನಡೆಸಿದೆವು. ವಾರ ಕಳೆದ ಮೇಲೆ ಒಂದು ದಿನ ಪ್ರಕಟಣೆ ಮುಗಿದಾಗ ಅವಳು ಬಗ್ಗಿ ಒಂದು ಚಪ್ಪಲಿ ಬಿಚ್ಚಿದಳು. ಒಂದೇ. ಇನ್ನೊಂದನ್ನು ಹಾಗೇ ಇಟ್ಟುಕೊಂಡಳು. ಪ್ರೇಕ್ಷಕಿ ಟಿಕೆಟ್ಟು ಕೊಂಡಿದ್ದಳು, ಇನ್ನೂ ಕುರ್ಚಿಯ ತುದಿಯಲ್ಲಿದ್ದಳು.

ಆಮೇಲೆ ನಾನೇ ಸಂಕಟಕ್ಕೆ ಸಿಕ್ಕೆ. ನಾಳೆ ಹಂಪಿಗೆ ಹೋಗಿ ಆನೆ ನೋಡುವ ದೃಶ್ಯ ಎಂದು ಸಾರಿಬಿಟ್ಟೆ. ಬೆಳಿಗ್ಗೆ ನೋಡಿದರೆ ಎಮ್ಮಿಗನೂರಿನ ಮಂಡಳಿಯೇ ತಾಲೀಮಿಗೆ ಬಂದು ಬಾಗಿಲಲ್ಲಿ ನಿಂತಿದೆ, ಅವರ ಪ್ರಯೋಗ ಹತ್ತಿರವಾಗಿದೆ. ಕೂಸು ಹಸಿರು ಲಂಗ ಉಟ್ಟು ಸುಮ್ಮನೆ ನನ್ನ ಮುಖ ನೋಡಿತು. ನಡೀರಲೇ ಎಲ್ಲರೂ ಹಂಪಿಗೆ ಎಂದೆ. ಹಾಗೆ ಒಬ್ಬ ರಾಜ, ಇಬ್ಬರು ಮಂತ್ರಿಗಳು, ಸ್ತ್ರೀಪಾತ್ರದ ಮಲ್ಲೇಶ್ ಮತ್ತು ಒಬ್ಬ ಮಹಾಪ್ರೇಕ್ಷಕಿ ಬಸ್ಸು ಹತ್ತಿದೆವು. ಆನೆ ಕಂಡಿತು. ಮಂಟಪವೊಂದರಲ್ಲಿ ತಾಲೀಮೂ ಆಯಿತು. ಮಲ್ಲೇಶನ ವಿಲಾಪಕ್ಕೆ ಪ್ರವಾಸಿಗಳು ಕಣ್ಣೊರೆಸಿಕೊಂಡರು.

ಮರಳಿ ಬರುವಾಗ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಕೂತಿದ್ದವಳು ಕೇಳಿದಳು. ನಮ್ಮ ಮನೆಗೆ ಬಂದ ಮೇಲೆ ಅವಳಾಗಿ ಕೇಳಿದ ಮೊದಲ ಪ್ರಶ್ನೆ.

"ತಾತ, ಈಗ ಮಕ್ಕೊಂಡ್ರ ಎಲ್ಲಿ ಏಳ್ತೀನಿ?"

"ಕಂಪ್ಲಿ ಬಸ್‌ಸ್ಟ್ಯಾಂಡಿನಾಗ. ನನ್ನ ತೊಡಿ ಮ್ಯಾಲ."

ಮಲಗಿದಳು ಮಗಳೇ. ಕಮಲಾಪುರ ದಾಟುವ ಮೊದಲೇ ಮಲಗಿದಳು. ಕಂಪ್ಲಿ ಬಂತು. ಎಬ್ಬಿಸಬ್ಯಾಡ್ರಿ ಮಾಸ್ತರ, ಹಂಗೇ ಹೆಗಲಿಗೆ ಹಾಕ್ಕೊಳ್ರಿ ಎಂದು ಹುಡುಗರು ಪಿಸುಗುಟ್ಟಿದರು. ನಾನು ಕಂಡಕ್ಟರನನ್ನು ನಿಲ್ಲಿಸಿ, ಇಡೀ ಬಸ್ಸು ಕೇಳುವಂತೆ ಅವಳನ್ನು ಎಬ್ಬಿಸಿದೆ. ಗಂಗೋತ್ರಿ, ಕಂಪ್ಲಿ ಬಸ್‌ಸ್ಟ್ಯಾಂಡ್. ಕಣ್ಣು ಬಿಟ್ಟಳು. ಬೋರ್ಡು ನೋಡಿದಳು, ನನ್ನ ತೊಡೆ ಮುಟ್ಟಿ ನೋಡಿದಳು. ಹೌದು ಎಂಬಂತೆ ತಲೆಯಾಡಿಸಿದಳು. ಅಂದು ಮನೆಗೆ ಬಂದು ಎರಡೂ ಚಪ್ಪಲಿ ಬಿಚ್ಚಿ, ಪ್ರಕಟಣೆ ಕೇಳಿ, ಗೋಡೆಯ ಕಡೆ ತಿರುಗಿ ಮಲಗಿದಳು. ಹೊತ್ತೇರಿದ ಮೇಲೆ ಎದ್ದಳು. ಆಮೇಲಿಂದ ಹಾಗೇ ನಡೆದಿದೆ.

ಯಾವ ಊರಿನ ಚಪ್ಪಾಳೆಯೂ ನನ್ನ ಎದೆಯನ್ನು ಇಷ್ಟು ಉಬ್ಬಿಸಿರಲಿಲ್ಲ. ಈ ಸಲ ರೇಷ್ಮೆಯ ಪರದೆಯಿಲ್ಲ, ನಿದ್ರಾದೇವಿಯಿಲ್ಲ. ಸಣ್ಣಗೆ ಗೊರಕೆ ಹೊಡೆಯುತ್ತಾಳೆ.

ಗಾದಿಲಿಂಗಪ್ಪ


ಯಶವಂತನಗರ, 5 ಡಿಸೆಂಬರ್ 2024

ಮಾಸ್ತರ್ರಿಗೆ,

ಕಾಗದದ ಮೇಲೆ ಊರಿನ ಹೆಸರು ನೋಡಿ. ಮನೆಗೆ ಬಂದಿದ್ದೇನೆ. ಕಫದ ಪರೀಕ್ಷೆಯಲ್ಲಿ ಏನೂ ಇಲ್ಲ ಅಂತ ಬಂತು. ಮಾತ್ರೆ ಇನ್ನೂ ನಡೆಯುತ್ತದೆ, ಕೂಸಿನ ಜೊತೆ ಇರಬಹುದು ಅಂದರು ಡಾಕ್ಟರು. ಸಮಿತಿಯವರೂ ಒಪ್ಪಿದ್ದಾರೆ. ಭರಮಮ್ಮ ಒಲೆಯ ಹೊಗೆ ಬೇಡ ಅಂತ ನನ್ನನ್ನು ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸಿದ್ದಾಳೆ.

ಶೈಲಶ್ರೀ ಮೇಡಂ ಜೀಪಿನಲ್ಲಿ ಕರೆತರುತ್ತೇವೆ ಅಂದರು. ಮಧ್ಯಾಹ್ನ ಮಲಗಿದ್ದಾಗ ಹೊರಟರೆ ಕೂಸಿಗೆ ದಾರಿ ತಿಳಿಯುವುದಿಲ್ಲ ಅಂತ ಡ್ರೈವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಬೇಡ ಅಂದೆ.

ನಿಮ್ಮನ್ನು ಕೇಳುವುದು ಒಂದೇ. ನೀವೇ ಕರೆದುಕೊಂಡು ಬನ್ನಿ. ಎಚ್ಚರವಾಗಿ, ಚಪ್ಪಲಿ ಹಾಕಿಸಿ, ದಾರಿ ತೋರಿಸುತ್ತಾ. ವಿರುಪಮ್ಮ ಅವರಿಗೆ ಇದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಕೇಳುವುದಕ್ಕೆ ನನಗೂ ಬಾಯಿ ಬರುತ್ತಿಲ್ಲ.

ಸುಷ್ಮಿತಾ


ಕಂಪ್ಲಿ, 12 ಡಿಸೆಂಬರ್ 2024

ಮಗಳೇ,

ಇದು ಸಣ್ಣ ಕಾಗದ. ನನ್ನ ಗಂಟಲು ಸರಿಯಿಲ್ಲ ಎಂದರೆ ನೀನು ನಂಬಬೇಡ.

ಮೂರು ದಿನದಿಂದ ಪ್ರಕಟಣೆಯಲ್ಲಿ ಹೊಸ ನಾಟಕ ಸೇರಿಸಿದ್ದೇನೆ. ಬರುವ ಆದಿತ್ಯವಾರ ರಂಗ ಬದಲಾವಣೆ, ಸ್ಥಳ ಯಶವಂತನಗರ, ಮುಖ್ಯ ಪಾತ್ರದಲ್ಲಿ ಅವ್ವ. ಮೊದಲ ದಿನ ಕೇಳಿ ಚಪ್ಪಲಿ ಮತ್ತೆ ಹಾಕಿಕೊಂಡಳು. ಎರಡನೆಯ ದಿನ, ಅವ್ವ ಖರೇ ಇರ್ತಾಳಾ, ಫೋನಿನಾಗ ಅಲ್ಲ ಹೌದಲ್ಲ ಎಂದು ಕೇಳಿದಳು. ಇಂದು ಸುಮ್ಮನೆ ಬಿಚ್ಚಿ ಮಲಗಿದಳು.

ವಿರುಪಮ್ಮ ಹಸಿರು ಲಂಗಕ್ಕೆ ಅಂಚು ಬಿಚ್ಚಿ ಉದ್ದ ಮಾಡುತ್ತಿದ್ದಾಳೆ, ಬೆಳೆದರೂ ಬರಲಿ ಎಂದು. ನಾನು ಏನೋ ಹೇಳಲು ಹೋದೆ. "ಸುಮ್ನಿರ್ರಿ. ನಿದ್ದಿ ಇಲ್ಲದ ಕೂಸು ಬಂದಿತ್ತು, ನಿದ್ದಿ ಕಲ್ತು ಹೊಂಟೈತಿ. ಅಳಾಕ ಏನೈತಿ ಇದ್ರಾಗ," ಎಂದಳು. ಅಳುತ್ತಲೇ ಹೇಳಿದಳು, ಆದರೆ ತಲೆ ಎತ್ತಿ ಹೇಳಿದಳು.

ಬರುತ್ತೇವೆ. ಸಾರಿದ್ದೇನೆ, ಇನ್ನು ನಿಲ್ಲುವಂತಿಲ್ಲ.

ಗಾದಿಲಿಂಗಪ್ಪ


ಯಶವಂತನಗರ, 30 ಡಿಸೆಂಬರ್ 2024

ಗಂಗಿಯ ತಾತನಿಗೆ, ಅವ್ವನಂಥ ವಿರುಪಮ್ಮನಿಗೆ,

ನೀವು ಹೋದ ಮೇಲೆ ಏನಾಯಿತು ಅಂತ ಬರೆಯುತ್ತೇನೆ. ನಿಮ್ಮ ಹಾಗೆ ಬರೆಯಲು ಬರುವುದಿಲ್ಲ.

ಬಸ್ಸಿನಿಂದ ಇಳಿದವಳು ದಾರಿಯಲ್ಲಿ ಕಂಡದ್ದನ್ನೆಲ್ಲ ನನಗೆ ಒಪ್ಪಿಸಿದಳಲ್ಲ, ಹೊಸಪೇಟೆ, ಆಮೇಲೆ ಗುಡ್ಡ, ಆಮೇಲೆ ಸಂಡೂರು ಅಂತ. ಬಂದ ದಾರಿ ಅವಳಿಗೆ ಗೊತ್ತಿದೆ. ಆವತ್ತು ಅವಳು ನನ್ನ ಕುತ್ತಿಗೆ ಬಿಡಲಿಲ್ಲ, ಅದನ್ನು ನೀವೇ ನೋಡಿದಿರಿ. ನೀವು ನೋಡದೆ ಇದ್ದದ್ದು ಮಾರನೆಯ ಸಂಜೆಯದು.

ಊಟವಾದ ಮೇಲೆ ಹಾಸಿಗೆ ಹಾಸಿದೆ. ಮಲಗಲಿಲ್ಲ. ನನಗೆ ಪ್ರಕಟಣೆ ಬರುವುದಿಲ್ಲವಲ್ಲ, ದನಿಯೂ ಇಲ್ಲ, ಗಟ್ಟಿಯಾಗಿ ಮಾತಾಡಿದರೆ ಈಗಲೂ ಕೆಮ್ಮು ಬರುತ್ತದೆ. ನಾಳೆ ಇಲ್ಲೇ ಇರ್ತೀವಿ ಗಂಗಿ ಅಂದೆ. ಅವಳು ನನ್ನನ್ನು ಕರುಣೆಯಿಂದ ನೋಡಿದಳು. ಎದ್ದು ಹೋಗಿ ಹಿಟ್ಟಿನ ಚೀಲದ ಮೇಲೆ ನಿಂತಳು. ಖಾನಾವಳಿಯಲ್ಲಿ ಉಣ್ಣುತ್ತಿದ್ದ ಡ್ರೈವರುಗಳ ಕಡೆ ಕೈ ಎತ್ತಿದಳು. ಆ ಗಂಟಲು ಎಲ್ಲಿಂದ ಬಂತೋ.

"ಮಾಪ್ರೇಕ್ಷಕರೇ, ನಾಳೆ ಇದೇ ಯಶವಂತನಗರದಾಗ, ಇದೇ ಹಾಸಿಗಿ ಮ್ಯಾಲ ನಾನೂ ಅವ್ವನೂ ಏಳ್ತೀವಿ. ಅವ್ವ ಮಾತ್ರಿ ನುಂಗೋ ದೃಶ್ಯ. ಭರಮಮ್ಮ ಬೈಯೋ ದೃಶ್ಯ. ತಪ್ಪದೇ ಬರ್ರಿ."

ಒಬ್ಬ ಡ್ರೈವರು ತುತ್ತು ಕೈಯಲ್ಲಿ ಹಿಡಿದೇ ಎದ್ದು ನಿಂತ. ಭರಮಮ್ಮ ನಾನ್ಯಾಕ ಬೈಲಿ ಅಂತ ಬೈದಳು. ಎಲ್ಲರೂ ಚಪ್ಪಾಳೆ ಹೊಡೆದರು. ಅವಳು ಇಳಿದು ಬಂದು, ಚಪ್ಪಲಿ ಬಾಗಿಲ ಹೊರಗಿಟ್ಟು, ನನ್ನ ಪಕ್ಕ ಮಲಗಿ, ನಾನು ಚಾದರ ಎಳೆಯುವಷ್ಟರಲ್ಲಿ ನಿದ್ದೆ ಹೋದಳು. ಗೊರಕೆ ನಿಜ.

ದಿನಾ ಇದೇ ನಡೆದಿದೆ. ಈಗ ದೋಣಿಮಲೈ ಕಡೆಯ ಬಸ್ಸಿನವರೂ ಕೇಳಿಕೊಂಡು ಹೋಗಲು ನಿಲ್ಲುತ್ತಾರೆ. ಮೊನ್ನೆ ಗಾಡಿ ಕೆಟ್ಟು ರಾತ್ರಿ ಇಲ್ಲೇ ಉಳಿದ ಒಬ್ಬ ಡ್ರೈವರು, ನಾನು ನಾಳೆ ಎಲ್ಲಿ ಏಳ್ತೀನಿ ಹೇಳವ್ವ ಅಂತ ಇವಳನ್ನು ಕೇಳಿದ. ಇವಳು ಅವನ ಲಾರಿಯನ್ನು ಒಂದು ಸುತ್ತು ಹಾಕಿ ನೋಡಿ, ಇಲ್ಲೇ ಏಳ್ತಿ, ಚಾದ ದುಡ್ಡು ಕೊಡ್ತಿ ಅಂದಳು.

ನನಗೆ ಎಷ್ಟು ಹೆಮ್ಮೆ ಅಂತ ಹೇಳಲು ಮಾತು ಸಾಲುವುದಿಲ್ಲ. ಅವಳ ಮೇಲೆ, ನಿಮ್ಮಿಬ್ಬರ ಮೇಲೆ. ಮಾತ್ರೆಯನ್ನು ದಿಂಬಿನ ಕೆಳಗೆ ಸೇರಿಸುವುದು ಬಿಟ್ಟು ನುಂಗಿದೆನಲ್ಲ, ಸ್ವಲ್ಪ ನನ್ನ ಮೇಲೂ.

ಈಗ ಕೆಲಸದ ಮಾತು. ನಿನ್ನೆಯ ಪ್ರಕಟಣೆಯಲ್ಲಿ ಅವಳು ನನ್ನನ್ನು ಕೇಳದೆ ಒಂದು ದೃಶ್ಯ ಸೇರಿಸಿಬಿಟ್ಟಳು. ಸಂಕ್ರಾಂತಿಗೆ ಇದೇ ರಂಗದ ಮೇಲೆ ತಾತ, ಅಜ್ಜಿ, ಹಾರ್ಮೋನಿಯಂ. ಊರಿಗೆಲ್ಲ ಸಾರಿ ಆಗಿದೆ. ಸಾರಿದ ನಾಟಕದ ಕಟ್ಟಳೆ ನೀವೇ ಕಲಿಸಿದ್ದು.

ಬಾಗಿಲ ಹೊರಗೆ ಅವಳ ಚಪ್ಪಲಿ ನನ್ನ ಚಪ್ಪಲಿಯ ಪಕ್ಕದಲ್ಲಿವೆ. ಆಚೆ ಮಗ್ಗುಲಿಗೆ ಸುಣ್ಣದ ಕಲ್ಲಿನಿಂದ ಗೆರೆ ಎಳೆದು ಎರಡು ಜೋಡಿಗೆ ಜಾಗ ಬಿಟ್ಟಿದ್ದಾಳೆ. ಯಾರನ್ನೂ ಅಲ್ಲಿ ಕಾಲಿಡಲು ಬಿಡುತ್ತಿಲ್ಲ.

ನಿಮ್ಮ ಮಗಳು
ಸುಷ್ಮಿತಾ